ಮಂಡ್ ಜಿಲ್ಲೆಯ ಇಂಟರ್ನ್‌ಶಿಪ್

"ಸಾರ್, ನೀವು ಓಪನ್ ಸೋರ್ಸ್ ಅಂತಲ್ಲಾ?"

ಯಾವ ಕಡೆಯವರು, ಯಾರ ಮನೆ ಪೈಕಿ ಎಂದು ವಿಚಾರಿಸುವ ಧಾಟಿಯಲ್ಲೇ ಫೋನಿನಲ್ಲಿ ಪ್ರಶ್ನೆ ಬಂತು. ನಾನು ಮಂಡ್ಯದಿಂದ ಮೈಸೂರಿಗೆ ಬರುವ ಬಸ್ಸಿನಲ್ಲಿದ್ದೆ. ಶ್ರೀರಂಗಪಟ್ಟಣ ಆಗಷ್ಟೇ ದಾಟಿತ್ತು. ಹೌದು ಎಂದೆ. ಭಾನುವಾರ ಕೂತು ಒಂದಷ್ಟು ಕೋಡ್ ಬರೆದು ಊರಿಗೆಲ್ಲ ಬಿಟ್ಟಿ ಹಂಚುವವನು ನಾನು. ಹಾಗಂತ ಕರೆದರೆ ಬೇಜಾರೇನಿಲ್ಲ.

ಆ ಕಡೆ ಇದ್ದವರು ಒಂದು ಇಂಜಿನಿಯರಿಂಗ್ ಕಾಲೇಜಿನ ಎಚ್‌ಒಡಿ, ಅಂದರೆ ವಿಭಾಗದ ಮುಖ್ಯಸ್ಥರು. ಕಾಲೇಜಿನ ಹೆಸರು ಬೇಡ. ಹೇಳಿದರೆ ಉಳಿದ ಕಾಲೇಜಿನವರು ನಮ್ಮದನ್ನ ಯಾಕೆ ಬಿಟ್ರಿ ಅಂತ ಮುನಿಸಿಕೊಂಡಾರು.

"ನಮ್ಮಲ್ಲಿ ಓಪನ್ ಸೋರ್ಸ್ ಇಂಟರ್ನ್‌ಶಿಪ್ ಶುರು ಮಾಡ್ತಾ ಇದೀವಿ ಸಾರ್. 180 ಮಕ್ಕಳು. ಮೆಂಟರ್ ನೀವೇ."

"ಒಟ್ಟು ಎಷ್ಟು ಜನ ಮೆಂಟರುಗಳು?"

"ನೀವೇ ಅಂದ್ನಲ್ಲ ಸಾರ್."

ಬಸ್ಸಲ್ಲೇ ಲೆಕ್ಕ ಹಾಕಿದೆ. ಔಟ್‌ರೀಚಿ ಎಂಬ ಇಂಟರ್ನ್‌ಶಿಪ್ ಒಂದಿದೆ, ಓಪನ್ ಸೋರ್ಸ್ ಮಂದಿಯೇ ನಡೆಸುವುದು. ಅಲ್ಲಿ ಒಬ್ಬ ಇಂಟರ್ನ್‌ಗೆ ಮೆಂಟರ್ ಆದವರು ವಾರಕ್ಕೆ ಸುಮಾರು 5 ಗಂಟೆ ಎತ್ತಿಡಬೇಕು. 180 ಮಕ್ಕಳಿಗೆ 900 ಗಂಟೆ. ವಾರದಲ್ಲಿ ಇರುವುದೇ 168. ಊಟ, ನಿದ್ದೆ, ಸ್ನಾನ ಎಲ್ಲ ಬಿಟ್ಟರೂ 732 ಗಂಟೆ ಸಾಲ ಉಳಿಯುತ್ತದೆ.

"ಗ್ರೂಪಲ್ಲಿ ಮಾಡಿ ಸಾರ್" ಎಂದರು. ವಾಟ್ಸಾಪ್ ಗ್ರೂಪ್ ಆಗಲೇ ಮಾಡಿಬಿಟ್ಟಿದ್ದರು. ನನ್ನನ್ನು ಅಡ್ಮಿನ್ ಕೂಡ ಮಾಡಿರಲಿಲ್ಲ.

ಆ ಔಟ್‌ರೀಚಿ ಹುಟ್ಟಿದ ಕಥೆ ಇವರಿಗೆ ಹೇಳೋಣ ಎನಿಸಿತು. ವಿದ್ಯಾರ್ಥಿಗಳಿಗೆ ದುಡ್ಡು ಕೊಟ್ಟು ಓಪನ್ ಸೋರ್ಸ್ ಕೆಲಸ ಮಾಡಿಸುವ ಗೂಗಲ್ ಸಮ್ಮರ್ ಆಫ್ ಕೋಡ್ 2005ರಲ್ಲಿ ಶುರುವಾಯಿತು. ಮರುವರ್ಷ ಅದರಡಿ ಗ್ನೋಮ್ ಎಂಬ ಓಪನ್ ಸೋರ್ಸ್ ಪ್ರಾಜೆಕ್ಟಿಗೆ ಇನ್ನೂರರ ಹತ್ತಿರ ಅರ್ಜಿ ಬಂದವು. ಅದರಲ್ಲಿ ಒಂದೂ ಹೆಣ್ಣುಮಗಳದ್ದಲ್ಲ. ನಮ್ಮಲ್ಲಾಗಿದ್ದರೆ ಒಂದು ಮಹಿಳಾ ದಿನಾಚರಣೆ ಮಾಡಿ, ಬಾಗಿನ ಕೊಟ್ಟು ಮುಗಿಸುತ್ತಿದ್ದೆವು. ಅವರು ಬೇರೆ ಅರ್ಜಿ ಕರೆದು, ದುಡ್ಡು ಹೊಂದಿಸಿ, ಹೆಣ್ಣುಮಕ್ಕಳಿಗೇ ಅಂತ ಒಂದು ಇಂಟರ್ನ್‌ಶಿಪ್ ಮಾಡಿದರು. ಅದೇ ಬೆಳೆದು ಔಟ್‌ರೀಚಿ ಆಯಿತು. ವರ್ಷಕ್ಕೆ ಎರಡು ಸಲ, ಮೂರು ಮೂರು ತಿಂಗಳು. ಆಯ್ಕೆಗೆ ಮುಂಚೆ ಅಭ್ಯರ್ಥಿಗಳು ಪ್ರಾಜೆಕ್ಟಿನಲ್ಲಿ ನಿಜವಾದ ಕೆಲಸ ಮಾಡಿ ತೋರಿಸಬೇಕು. ಆಯ್ಕೆಯಾದರೆ ಇಂಟರ್ನ್‌ಗೆ 7,000 ಡಾಲರ್.

ಇಷ್ಟು ಹೊತ್ತು ಆಕಳಿಸುತ್ತಿದ್ದ ಎಚ್‌ಒಡಿ ಇಲ್ಲಿ ಎಚ್ಚೆತ್ತರು. "ಒಂದ್ನಿಮಿಷ ಸಾರ್. ಮಕ್ಕಳಿಗೆ ಅವರೇ ದುಡ್ಡು ಕೊಡ್ತಾರಾ?"

"ಹೌದು."

"ಹಂಗಾದ್ರೆ ಫೀಸು?"

ಪಾಪ, ಅವರ ತಪ್ಪಲ್ಲ. ನಮ್ಮ ಕಡೆ ಇಂಟರ್ನ್‌ಶಿಪ್ ಅಂದರೆ ಹುಡುಗರು ದುಡ್ಡು ಕೊಟ್ಟು ತರುವ ಸಾಮಾನು. ವಿಟಿಯು ಸ್ಕೀಮಿನಲ್ಲಿ ಅದಕ್ಕೆ ಕ್ರೆಡಿಟ್ ಇದೆ, ಮಾಡದೆ ಗತಿಯಿಲ್ಲ. ಗತಿಯಿಲ್ಲ ಎಂದಮೇಲೆ ಅಂಗಡಿ ತೆರೆಯುತ್ತದೆ. ಮೊಬೈಲ್ ರೀಚಾರ್ಜ್ ಥರ ಪ್ಯಾಕುಗಳಿವೆ: ಹದಿನೈದು ದಿನದ್ದು, ಒಂದು ತಿಂಗಳದ್ದು, ಮೂರು ತಿಂಗಳದ್ದು. ಮೂರು ತಿಂಗಳದ್ದು ನಾಳೆ ಬೆಳಗ್ಗೆ ಸಿಗುತ್ತದೆ. ಒಂದು ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಕಣ್ಣಾರೆ ಕಂಡಿದ್ದೇನೆ. ರಿಪೋರ್ಟು, ಸ್ಪೈರಲ್ ಬೈಂಡಿಂಗು, ಮೇಲೆ ಚಿನ್ನದ ಬಣ್ಣದ ಅಕ್ಷರ. ಒಬ್ಬ ಹುಡುಗ ಕೌಂಟರಿನಲ್ಲಿ ನಿಂತು, "ಅಣ್ಣ, ಇದರಲ್ಲಿ ನಾನೇನ್ ಕಲಿತೆ ಅಂತ ಬರೆದೀರ? ವೈವಾದಲ್ಲಿ ಕೇಳ್ತಾರೆ" ಅಂತಿದ್ದ. ಅಂಗಡಿಯಣ್ಣ ನಿಜಕ್ಕೂ ಪುಟ ತಿರುಗಿಸಿ ಹೇಳಿಕೊಟ್ಟ. ಇಡೀ ವ್ಯವಸ್ಥೆಯಲ್ಲಿ ನನಗೆ ಸಿಕ್ಕ ಒಬ್ಬನೇ ನಿಜವಾದ ಮೆಂಟರ್ ಆತ.

ಇರಲಿ. ಉದ್ಘಾಟನೆಗೆ ಹೋದೆ.

ಮೈಸೂರು ಪೇಟ, ಶ್ರೀಗಂಧದ ಹಾರ, ಹಣ್ಣಿನ ಬುಟ್ಟಿ, ಯಾವುದಕ್ಕೂ ಕೊರತೆ ಇರಲಿಲ್ಲ. ದೀಪ ಮಾತ್ರ ಹತ್ತಲಿಲ್ಲ. ಫ್ಯಾನ್ ಆರಿಸಿದರೆ ಗಣ್ಯರಿಗೆ ಸೆಕೆ, ಹಾಕಿದರೆ ಬತ್ತಿಗೆ ಸಂಕಟ. ಕೊನೆಗೆ ಐದು ಜನ ಗಣ್ಯರು ಆರಿದ ದೀಪಕ್ಕೇ ಮೇಣದಬತ್ತಿ ಹಿಡಿದು ನಕ್ಕರು, ಫೋಟೊ ಆಯಿತು. ಅಕ್ಷಾಂಶ, ರೇಖಾಂಶ ಬರುವ ಫೋಟೊ. ಇನ್‌ಸ್ಪೆಕ್ಷನ್ ಕಮಿಟಿ ಬಂದಾಗ ತೋರಿಸೋಕೆ ಬೇಕಂತೆ. ಇಂಟರ್ನ್‌ಶಿಪ್ ಎಲ್ಲಿ ನಡೆಯಿತು ಎನ್ನುವುದಕ್ಕೆ ಸೆಟಲೈಟ್ ಸಾಕ್ಷಿ ಇದೆ. ನಡೆಯಿತೇ ಎನ್ನುವುದಕ್ಕೆ ಸಾಕ್ಷಿ ಯಾರೂ ಕೇಳಲ್ಲ.

ಮುಖ್ಯ ಅತಿಥಿಗಳು ಚೆನ್ನಾಗಿಯೇ ಮಾತಾಡಿದರು. ಓಪನ್ ಸೋರ್ಸ್ ಅಂದರೆ ನಮ್ಮ ಹಿರಿಯರ ಅರವಟ್ಟಿಗೆ ಇದ್ದಂತೆ, ದಾರಿಹೋಕರು ಯಾರು ಬೇಕಾದರೂ ಬಂದು ನೀರು ಕುಡಿಯಬಹುದು ಅಂದರು. ಜೋರು ಚಪ್ಪಾಳೆ. ಹೋಲಿಕೆ ನನಗೂ ಹಿಡಿಸಿತು. ಆದರೆ ನಮ್ಮೂರಿನ ಅರವಟ್ಟಿಗೆಯಲ್ಲಿ ದಿನಾ ಬೆಳಗ್ಗೆ ಬಾವಿಯಿಂದ ಸೇದಿ ಮಡಕೆ ತುಂಬಿಸುವ ಅಜ್ಜ ಒಬ್ಬರಿದ್ದರು. ಭಾಷಣದಲ್ಲಿ ಅವರು ಬರಲಿಲ್ಲ. ಓಪನ್ ಸೋರ್ಸಿನಲ್ಲಿ ಆ ಅಜ್ಜನಿಗೆ ಮೈಂಟೇನರ್ ಅಂತಾರೆ. ಹೊಸಬರು ಬಂದರೆ ಹಗ್ಗ ಹಿಡಿಯೋದು ಹೇಗೆ, ಕೊಡ ತುಳುಕದಂತೆ ಎತ್ತೋದು ಹೇಗೆ ಅಂತ ಅದೇ ಅಜ್ಜ ಕಲಿಸಬೇಕು. ಕಲಿಸುವ ಹೊತ್ತಲ್ಲಿ ಮಡಕೆ ತುಂಬಲ್ಲ. ಅಷ್ಟು ಗೊತ್ತಿದ್ದೂ ಕಲಿಸುತ್ತಾರೆ ನೋಡಿ, ಅದಕ್ಕೆ ಮೆಂಟರಿಂಗ್ ಅನ್ನೋದು. ಇಲ್ಲಿ ಏನಾಯಿತು ಅಂದರೆ, 180 ಜನಕ್ಕೆ ತಲಾ ಒಂದು ಬಿಂದಿಗೆ ಕೊಟ್ಟು ಅಜ್ಜನ ಮನೆ ಬಾಗಿಲಿಗೆ ಕಳಿಸಿದರು.

ಕಾಲೇಜಿನ ನಿಯಮ ಒಂದೇ: ತಲಾ ಕನಿಷ್ಠ 4 ಪುಲ್ ರಿಕ್ವೆಸ್ಟ್. ಅಂದರೆ ಇನ್ನೊಬ್ಬರ ಕೋಡಿನಲ್ಲಿ ಏನೋ ತಿದ್ದಿ, ಇದನ್ನ ಸೇರಿಸ್ಕೊಳ್ಳಿ ಅಂತ ಕೇಳುವುದು. ಸೇರಿಸುವ ಮುಂಚೆ ಒಬ್ಬ ಮನುಷ್ಯ ಕೂತು ಓದಬೇಕು. ಆ ಮನುಷ್ಯ ನಾನು.

"ನಾಲ್ಕೇ ಯಾಕೆ?" ಎಂದು ಎಚ್‌ಒಡಿಯನ್ನ ಕೇಳಿದೆ.

"ಎಲ್ಲೋ ಹಾಗಿತ್ತು ಸಾರ್."

ಎಲ್ಲಿತ್ತು ಎಂದು ನನಗೆ ಗೊತ್ತು. 2020ರ ಹ್ಯಾಕ್ಟೋಬರ್‌ಫೆಸ್ಟ್, ಓಪನ್ ಸೋರ್ಸಿನವರ ವಾರ್ಷಿಕ ಜಾತ್ರೆ. ಅಕ್ಟೋಬರ್ ತಿಂಗಳಲ್ಲಿ 4 ಪುಲ್ ರಿಕ್ವೆಸ್ಟ್ ಕಳಿಸಿದರೆ ಟಿ-ಶರ್ಟ್ ಎಂದಿದ್ದರು. ಕಂಡಕಂಡವರ ಪ್ರಾಜೆಕ್ಟಿನ ಪರಿಚಯ ಇರುವ ರೀಡ್‌ಮಿ ಫೈಲಿಗೆ 'ಅಮೇಜಿಂಗ್ ಪ್ರಾಜೆಕ್ಟ್' ಎಂದು ಎರಡು ಪದ ಸೇರಿಸಿ ಕಳಿಸುವ ಹುಚ್ಚು ಹತ್ತಿತು. ಕಸ ಗುಡಿಸಿ ಸುಸ್ತಾದ ಮೈಂಟೇನರುಗಳು ಬೊಬ್ಬೆ ಹಾಕಿದ ಮೇಲೆ, ಅದೇ ತಿಂಗಳು ನಿಯಮ ಬದಲಾಯಿತು: ನಾವೂ ಇದ್ದೀವಿ ಅಂತ ತಾವಾಗಿ ಒಪ್ಪಿಕೊಂಡ ಪ್ರಾಜೆಕ್ಟುಗಳಲ್ಲಿ ಮಾತ್ರ ಲೆಕ್ಕ. 2024ರ ಶುರುವಿನಲ್ಲಿ ಎಕ್ಸ್‌ಪ್ರೆಸ್ ಎಂಬ ಹೆಸರಾಂತ ಪ್ರಾಜೆಕ್ಟಿಗೂ ಇದೇ ಪಾಡು. ಒಂದು ಪಾಠದ ವಿಡಿಯೊದಲ್ಲಿ ಸುಮ್ನೆ ಉದಾಹರಣೆಗೆ ಅಂತ ತೋರಿಸಿದ್ದನ್ನ ನೋಡಿ, ಹುಡುಗರು ಅದರ ರೀಡ್‌ಮಿಗೆ ತಮ್ಮ ತಮ್ಮ ಹೆಸರು ಸೇರಿಸಿ ಕಳಿಸಿದ್ದೇ ಕಳಿಸಿದ್ದು. ಕೋಟೆ ಗೋಡೆ ಮೇಲೆ ಹಾರ್ಟು ಕೆತ್ತಿ ಬಾಣ ಬಿಡುವ ಪರಂಪರೆ ನಮ್ಮದು. ಜಾಗ ಬದಲಾಗಿದೆ ಅಷ್ಟೇ.

ಉದ್ಘಾಟನೆಯ ರಾತ್ರಿಯೇ ನನ್ನ ಫೋನು ಒಲೆ ಮೇಲಿನ ಹಂಚಿನಂತೆ ಕಾದಿತ್ತು. ಒಬ್ಬ ಸಾಲಿನ ಕೊನೆಯ ಚುಕ್ಕಿ ತೆಗೆದಿದ್ದ. ಅವನ ಪಕ್ಕದ ಬೆಂಚಿನವನು ಅದೇ ಚುಕ್ಕಿ ವಾಪಸ್ ಹಾಕಿದ್ದ. ಇಬ್ಬರಿಗೂ ಒಂದೊಂದು ಲೆಕ್ಕ. ಇನ್ನು ಕೆಲವರು ಎಐಗೆ ಹೇಳಿ ಬರೆಸಿದ್ದರು. ಬದಲಾವಣೆ ಒಂದು ಸ್ಪೇಸು, ವಿವರಣೆ ಎರಡು ಪುಟ. ಕೆಳಗೆ ಎಲ್ಲರದ್ದೂ ಒಂದೇ ಮಂತ್ರ: 'ಸರ್ ಪ್ಲೀಸ್ ಮರ್ಜ್ ಸರ್', ಅಂದರೆ ಸೇರಿಸ್ಕೊಳ್ಳಿ ಅಂತ. ಹುಡುಗರನ್ನ ಬೈಯಲ್ಲ ನಾನು. ನಾಲ್ಕು ಕೇಳಿದರು, ನಾಲ್ಕು ಕೊಟ್ಟರು.

ಈ ಗದ್ದಲದಲ್ಲಿ ಒಂದು ಹುಡುಗಿ ಪುಲ್ ರಿಕ್ವೆಸ್ಟ್ ಕಳಿಸಿರಲಿಲ್ಲ. ಒಂದು ಪ್ರಶ್ನೆ ಕಳಿಸಿದ್ದಳು. ಮಂಡ್ಯ ತಾಲ್ಲೂಕಿನವಳು.

"ಸರ್, ನಾಲ್ಕು ಅಂತ ಯಾಕೆ ಇಟ್ಟಿದೀರ?"

ಕಾಲೇಜಿನ ನಾಲ್ಕಲ್ಲ, ನನ್ನ ನಾಲ್ಕು. ನನ್ನ ಪ್ರಾಜೆಕ್ಟು ದೊಡ್ಡದೇನಲ್ಲ. ಸಭೆ ಸಮಾರಂಭಕ್ಕೆ ಬ್ಯಾಡ್ಜು, ಸರ್ಟಿಫಿಕೇಟು ಅಚ್ಚು ಹಾಕುವ ಒಂದು ಸಣ್ಣ ತಂತ್ರಾಂಶ. ಅದರಲ್ಲಿ ಜಿಲ್ಲೆಯ ಕಾಲಂಗೆ ನಾಲ್ಕು ಅಕ್ಷರ ಸಾಕು ಎಂದು ಬರೆದ ಮಹಾನುಭಾವ ನಾನೇ. ಇಂಗ್ಲಿಷಿನಲ್ಲಿ ಜಿಲ್ಲೆಗೆ ಮೂರಕ್ಷರದ ಚಿಕ್ಕ ಹೆಸರು ಹಾಕುವ ಅಭ್ಯಾಸ, ಒಂದು ಜಾಸ್ತಿಯೇ ಇರಲಿ ಎಂದು ಧಾರಾಳ ತೋರಿಸಿದ್ದೆ. ಕನ್ನಡದಲ್ಲಿ ಹೆಸರು ಹಾಕಿದಾಗ ಬಣ್ಣ ಬಯಲಾಯಿತು. ಕಂಪ್ಯೂಟರಿಗೆ ಸೊನ್ನೆಯೂ ಒಂದಕ್ಷರ, ದೀರ್ಘವೂ ಒಂದಕ್ಷರ. ಮೈಸೂರು ಬರೆದರೆ 'ಮೈಸೂ' ಅಂತ ಅಚ್ಚಾಗುತ್ತಿತ್ತು. ಕೊಡಗು ಹೋಗಿ 'ಕೊಡಗ' ಆಗುತ್ತಿತ್ತು, ಊರು ಕೇಳಿದರೆ ಮನುಷ್ಯನನ್ನೇ ಕೊಟ್ಟ ಹಾಗೆ. ಚಾಮರಾಜನಗರದವರ ಕೈಗೆ ಬರೀ 'ಚಾಮರ', ಬೀಸಿಕೊಳ್ಳಿ ಅಂತ. ಹಾಸನದವರಿಗೆ ಮಾತ್ರ ಏನೂ ತೊಂದರೆ ಇಲ್ಲ. ಹ, ದೀರ್ಘ, ಸ, ನ. ಸರಿಯಾಗಿ ನಾಲ್ಕು. ಮಂಡ್ಯದ ಗತಿ ಎಲ್ಲಕ್ಕಿಂತ ಕೆಟ್ಟದ್ದು. ಮ, ಸೊನ್ನೆ, ಡ, ಹಲಂತ (ಡ-ವನ್ನ ಅರ್ಧಾಕ್ಷರ ಮಾಡುವ ಚಿಹ್ನೆ), ಯ. ಐದು. ನಾಲ್ಕಕ್ಕೆ ಕತ್ತರಿಸಿದರೆ 'ಮಂಡ್'.

ಆಕೆ ಮೊದಲು ನಾಲ್ಕನ್ನ ಐದು ಮಾಡಿ ಕಳಿಸಿದಳು. ಮಂಡ್ಯ ಸರಿಹೋಯಿತು. ಚಾಮರಾಜನಗರ 'ಚಾಮರಾ' ಆಯಿತು. ನಮ್ಮೂರು ಸರಿಯಾದರೆ ಸಾಕೇ ಎಂದು ಕೇಳಿದೆ. ಎರಡು ದಿನ ಸದ್ದಿಲ್ಲ. ಆಮೇಲೆ ಒಂದು ರೆಡಿಮೇಡ್ ಲೈಬ್ರರಿ, ಅಂದರೆ ಬೇರೆಯವರು ಬರೆದಿಟ್ಟ ಕೋಡು, ಹಿಡಿದು ತಂದಳು, ಅಕ್ಷರ ಎಣಿಸುವಂಥದ್ದು. ಅದು ಮಂಡ್ಯವನ್ನ ಮೂರು ಅಂದಿತು: ಮಂ, ಡ್, ಯ. ಒತ್ತಕ್ಷರವನ್ನ ಒಡೆದುಬಿಟ್ಟಿತ್ತು. ರಾತ್ರಿ ಹನ್ನೊಂದಕ್ಕೆ ಮೆಸೇಜು: "ಸರ್, ನಮ್ಮಜ್ಜೀನ ಕೇಳ್ದೆ. ಅವರಿಗೆ ಓದೋಕೆ ಬರಲ್ಲ. ಬೆರಳು ಮಡಚಿ ಮಂ, ಡ್ಯ, ಎರಡು ಅಂದ್ರು."

ನನ್ನ ಪ್ರೋಗ್ರಾಮು ಐದು, ಲೈಬ್ರರಿ ಮೂರು, ಅಜ್ಜಿ ಎರಡು. ಅಜ್ಜಿಯದೇ ಸರಿ. ಇನ್ನು ಅಜ್ಜಿಯ ಬೆರಳನ್ನ ಕೋಡಿಗೆ ಇಳಿಸಬೇಕು. ಹಲಂತ ಆದಮೇಲೆ ವ್ಯಂಜನ ಬಂದರೆ ಅಲ್ಲಿ ಕತ್ತರಿ ಹಾಕಬೇಡ ಅಂತ ಆಕೆಯೇ ನಿಯಮ ಬರೆದಳು. ನಾನು ತಪ್ಪು ತೋರಿಸಿದೆ. ಆಕೆ ನನ್ನ ತಪ್ಪು ತೋರಿಸಿದಳು. ಹನ್ನೊಂದು ಸಲ ಹಿಂದೆ ಮುಂದೆ ಓಡಾಡಿ, ಮೂರು ವಾರಕ್ಕೆ ಕೆಲಸ ಮುಗಿಯಿತು. ಬದಲಾಗಿದ್ದು ಒಟ್ಟು 14 ಸಾಲು. ನನ್ನ ಎರಡು ಭಾನುವಾರ ಹೋದವು. ಸತ್ಯ ಹೇಳಬೇಕೆಂದರೆ, ಇಷ್ಟು ಖುಷಿಯ ಭಾನುವಾರ ನಾನು ಕಂಡು ಬಹಳ ದಿನ ಆಗಿತ್ತು.

ಸಮಾರೋಪದಲ್ಲಿ 'ಉತ್ತಮ ಇಂಟರ್ನ್' ಪ್ರಶಸ್ತಿ ಚುಕ್ಕಿಯ ಹುಡುಗನಿಗೆ ಹೋಯಿತು. 42 ಪುಲ್ ರಿಕ್ವೆಸ್ಟ್. ಈ ಹುಡುಗಿಯ ಹೆಸರು ಪಟ್ಟಿಯಲ್ಲೇ ಇರಲಿಲ್ಲ.

"ಒಂದೇ ಇದೆಯಲ್ಲ ಸಾರ್ ಅವಳದ್ದು. ಮಿನಿಮಮ್ ನಾಲ್ಕು" ಎಂದರು ಎಚ್‌ಒಡಿ. ಒಳ್ಳೆಯ ಮನುಷ್ಯ, ದಾರಿಯನ್ನೂ ಅವರೇ ತೋರಿಸಿದರು. "14 ಸಾಲು ಅಂದ್ರಲ್ಲ, ನಾಲ್ಕು ಭಾಗ ಮಾಡಿ. ಮೂರೂವರೆ ಸಾಲಿಗೊಂದು."

ಆಗಲ್ಲ ಎಂದೆ. ಹಾಗಿದ್ದರೆ ವಿಶೇಷ ಪ್ರಕರಣ ಎಂದು ಮೆಂಟರ್ ಕಡೆಯಿಂದ ಪತ್ರ ಬೇಕು, ಸೀಲು ಹಾಕಿ ಎಂದರು. ನನ್ನ ಹತ್ತಿರ ಸೀಲಿಲ್ಲ ಎಂದೆ.

"ಓಪನ್ ಸೋರ್ಸಿಗೆ ಸೀಲಿಲ್ವಾ ಸಾರ್?" ಮುಖದಲ್ಲಿ ನಿಜವಾದ ಕನಿಕರ.

ಮಾರ್ಕೆಟ್ ಹತ್ತಿರದ ಒಂದು ರಬ್ಬರ್ ಸ್ಟ್ಯಾಂಪ್ ಅಂಗಡಿಗೆ ಹೋದೆ. "ರೌಂಡಾ, ಉದ್ದಾನಾ?" ಎಂದು ಕೇಳಿದರು. ಯಾವುದಕ್ಕೆ ಬೆಲೆ ಜಾಸ್ತಿ ಎಂದೆ. "ರೌಂಡಿಗೆ ಮರ್ಯಾದೆ ಜಾಸ್ತಿ" ಎಂದರು. ರೌಂಡೇ ಮಾಡಿಸಿದೆ. ಸಂಸ್ಥೆಯ ಹೆಸರಿನ ಜಾಗದಲ್ಲಿ ನನ್ನ ಪ್ರಾಜೆಕ್ಟಿನ ಹೆಸರು, ನಡುವೆ ಒಂದು ನಕ್ಷತ್ರ. ಆ ನಕ್ಷತ್ರಕ್ಕೇ ಎಚ್‌ಒಡಿ ಒಲಿದರು.

ಹೋದ ವಾರ ಸರ್ಟಿಫಿಕೇಟು ಬಂತು. ನಾಡಹಬ್ಬ ಅಂತ ಈ ಸಲ ಕನ್ನಡದಲ್ಲೇ ಅಚ್ಚು ಹಾಕಿಸಿದ್ದಾರೆ. ಹುಡುಗಿ ಫೋಟೊ ತೆಗೆದು ಕಳಿಸಿದಳು. ಹೆಸರು ಸರಿಯಾಗಿದೆ. ಕೆಳಗೆ, ಜಿಲ್ಲೆ: ಮಂಡ್.

ಎಚ್‌ಒಡಿಗೆ ಫೋನ್ ಮಾಡಿದೆ. ನನ್ನದೇ ತಂತ್ರಾಂಶ, ಹಳೆ ವರ್ಷನ್ನು, ಎರಡು ವರ್ಷದಿಂದ ಅವರ ಆಫೀಸಿನಲ್ಲಿದೆಯಂತೆ.

"ಹೊಸದು ಹಾಕ್ಕೊಳ್ಳಿ, ಇದನ್ನ ಸರಿ ಮಾಡಿದ್ದು ಅದೇ ಹುಡುಗಿ. ಬಿಟ್ಟಿ ಸಿಗುತ್ತೆ."

"ಬಿಟ್ಟಿ ಆದ್ರೂ ಮೂರು ಕೊಟೇಷನ್ ಬೇಕಲ್ಲ ಸಾರ್. ಆಡಿಟ್‌ನೋರು ಕೇಳ್ತಾರೆ."

"ಹಾಗಾದರೆ ಈ ಸರ್ಟಿಫಿಕೇಟು?"

"ಒಂದು ಒತ್ತು ತಾನೇ, ಪೆನ್ನಲ್ಲಿ ಹಾಕ್ಕೊಳ್ಳೋಕೆ ಹೇಳಿ. ಪಕ್ಕದಲ್ಲಿ ಪ್ರಿನ್ಸಿಪಾಲ್ರು ಒಂದು ಇನಿಶಿಯಲ್ ಹಾಕ್ತಾರೆ."

"ಅವರು ಯಾವಾಗ ಸಿಗ್ತಾರೆ?"

"ಮುಂದಿನ ಬ್ಯಾಚಿನ ಉದ್ಘಾಟನೆಗೆ ಬರ್ತಾರಲ್ಲ, ಆಗ. ಅಂದಂಗೆ ಈ ಸಲ 240 ಮಕ್ಕಳು ಸಾರ್. ಸೀಲ್ ತರೋದು ಮರೀಬೇಡಿ."