ಮೊದ್ಲ ಮಾಸಿಸಿದ ಅಕ್ಷರ

ಈಗ ಹುಬ್ಬಳ್ಳಿ ವಿದ್ಯಾನಗರದ ಕಡೆ ಹೊಸಾ ಅಂಗಡಿ ತಗದ್ರ ಬೋರ್ಡ್ ಮಾತ್ರ ಹಳೇದು ಕಾಣಬೇಕ್ರಿ. ಕುರ್ಚಿ ಹೊಸಾವು, ಎಸಿ ಹೊಸಾದು, ಗಲ್ಲಾದ ಮುಂದಿನ ಸ್ಕ್ಯಾನರಿನ ಪ್ಲಾಸ್ಟಿಕ್ ಸೈತ ಬಿಚ್ಚಿರೂದಿಲ್ಲ, ಮ್ಯಾಲ ನೋಡಿದ್ರ ಮುತ್ಯಾನ ಕಾಲದಾಗ ಯಾರೋ ಬ್ರಶ್‌ಲೆ ಬರದು ಮಳಿ ಬಿಸಲಿಗೆ ಬಿಟ್ಟಂಗ ಅಕ್ಷರ, ಅಲ್ಲಲ್ಲಿ ಬಣ್ಣ ಎದ್ದು ಹೋಗಿರ್ತೈತಿ. ಅದೆಲ್ಲ ಫಾಂಟ್, ಕಂಪ್ಯೂಟರಿನ್ಯಾಗ ಮೊದ್ಲ ಮಾಡಿಟ್ಟ ಅಕ್ಷರ!

ಚಂದ ಇರ್ತೈತಿ, ಇಲ್ಲ ಅನ್ನಂಗಿಲ್ಲ. ಆದ್ರ ಆರ್ಡರ್ ಬರೂತನಕಾ ಕುಂತು ಬೋರ್ಡ್ ನೋಡಬಾರ್ದು. ಒಂದು ಅಂಗಡಿ ಮ್ಯಾಲ ‘ಗಿರಮಿಟ್ ಮಿರ್ಚಿ’ ಅಂತ ಬರದಿತ್ತು, ಗಿರಮಿಟ್‌ನ ‘ಮಿ’ ಹೊಟ್ಟಿ ಮ್ಯಾಲ ಒಂದು ಗೀರು, ಮಿರ್ಚಿಯ ‘ಮಿ’ಗೂ ಅದೇ ಜಾಗಾದಾಗ ಅದೇ ಗೀರು, ಅಷ್ಟೇ ಉದ್ದ. ಅವಳಿ ಹುಡುಗ್ರಿಗೆ ಇಬ್ರಿಗೂ ಒಂದೇ ಕಡೆ ಬಿದ್ದು ಗಾಯ ಆಗಿದ್ದಂಗ. ಫಾಂಟಿನ್ಯಾಗ ಒಂದು ಅಕ್ಷರಕ್ಕ ಒಂದೇ ಚಿತ್ರ, ಎಷ್ಟು ಸಲ ಒತ್ತಿದ್ರೂ ಅದೇ ಬರ್ತೈತಿ. ಕಾಳಜಿ ಇದ್ದ ಡಿಸೈನರು ಎರಡು ಮೂರು ರೂಪ ಮಾಡಿಟ್ಟಿರ್ತಾರ, ಟೈಪ್ ಮಾಡಕೋತ ಹೋದಂಗ ಪಾಳಿ ಪ್ರಕಾರ ಬರ್ತಾವ. ಇಂಗ್ಲಿಷಿಗೆ ಅದು ಸಸಾರ, ಸಣ್ಣವು ದೊಡ್ಡವು ಕೂಡಿ 52. ನಮ್ಮಲ್ಲಿ ಕಾಗುಣಿತ, ಒತ್ತಕ್ಷರ ಅಂತ ನೂರಾರು ಆಗ್ತಾವ, ಒಂದೊಂದಕ್ಕೂ ಬ್ಯಾರೆ ಬ್ಯಾರೆ ಗೀರು ಹಾಕ್ಕೋತ ಯಾರು ಕುಂದ್ರಬೇಕ್ರಿ?

ಬ್ರಶ್ಶಿನ ಕೈಬರಹ ಫಾಂಟ್ ಮಾಡೂ ಹುಚ್ಚು ಕಂಪ್ಯೂಟರಿನ್ದಲ್ಲ. 1942ರಾಗೇ ಅಮೆರಿಕನ್ ಟೈಪ್ ಫೌಂಡರ್ಸ್ ಕಂಪನಿಗೆ ರಾಬರ್ಟ್ ಸ್ಮಿತ್ ‘ಬ್ರಶ್ ಸ್ಕ್ರಿಪ್ಟ್’ ಮಾಡಿಕೊಟ್ಟ, ಅದೂ ಲೋಹದ ಅಚ್ಚಿಗೆ, ಒಂದರ ಬಾಲ ಮುಂದಿನದಕ್ಕ ಹೋಗಿ ಕೂಡೂ ಹಂಗ. ಆದ್ರ ಅದು ಸ್ವಚ್ಛ ಇತ್ತು. ಮಾಸಿಸಿ ಮಾರೂದು ಇತ್ತಿತ್ಲಾಗಿಂದು.

ಪೇಂಟರ್ ಬರದಿದ್ದು ನೋಡ್ರಿ, ಡಬ್ಬಿಯೊಳಗ ಅದ್ದಿದ ಕೂಡ್ಲೆ ಬರದ ಅಕ್ಷರ ದಪ್ಪ, ಬರಬರ್ತಾ ಬಣ್ಣ ತೀರಿ ಕೂದಲೆಳಿ ಕಾಣ್ತಾವ, ಮತ್ತ ಅದ್ದಿದ್ರ ಮತ್ತ ದಪ್ಪ, ಕಡೀಕ ಜಾಗಾ ಸಾಲದ ‘ಸ್ಟೋರ್ಸ್’ ಗಿಡ್ಡ ಆಗಿರ್ತೈತಿ. ಮಾಸೂದಕ್ಕೂ ಲೆಕ್ಕ ಐತಿ. ಕೆಂಪು ಬಿಸಲಿಗೆ ಲಗೂನ ಹೋಗ್ತೈತಿ, ಕರೀದು ಉಳೀತೈತಿ. ಬಸ್ಸಿನ ಹಾದಿ ಕಾಯೋರು ಬೆನ್ನು ಹಚ್ಚಿ ನಿಂದ್ರೂ ಗ್ವಾಡಿ ಇದ್ರ ಕೆಳಗಿನ ಸಾಲೇ ಸವದಿರ್ತೈತಿ. ಈ ಫಾಂಟಿನ್ಯಾಗ ಮ್ಯಾಲಿಂದ ಕೆಳಗಿನ ತನಕಾ ಸವದದ್ದು ಒಂದೇ ಅಳತಿ, ಅದಕ್ಕ ಯಾರೂ ಬೆನ್ನು ಹಚ್ಚಿಲ್ಲಲಾ!

ಆ ಗಿರಮಿಟ್ ಅಂಗಡಿ ಫ್ಲೆಕ್ಸ್ ಪಶ್ಚಿಮಕ್ಕ ಮುಖ ಮಾಡೇತಿ. ಎರಡು ಬ್ಯಾಸಗಿಯೊಳಗ ಕೆಂಪು ಹಳದಿ ಎಲ್ಲಾ ಹಾರಿ ಬೋರ್ಡ್ ನೀಲಿಗಟ್ಟಿತು, ಡಿಸೈನರ್ ಹಾಕಿದ ಗೀರಿನ ಮ್ಯಾಲ ಬಿಸಲು ತಂದೂ ಒಂದು ಪದರ ಹಾಕ್ತು. ಈಗ ಖರೇನ ಹಳೇದು ಕಾಣಾಕತ್ತೇತಿ, ಮಾಲಕ ಫೋನ್ ಹಚ್ಚಿ ಪ್ರಿಂಟಿಂಗ್‌ನವಗ ಜೋರು ಮಾಡಾಕತ್ತಿದ್ದ: “ಅದೇ ಡಿಸೈನ್ ಹಾಕಪಾ, ಆದ್ರ ಲಗೂನ ಕೊಡು, ಇದೇನಿದು ಭಾಳ ಹಳೇದು ಕಾಣ್ತೈತಿ, ಗಿರಾಕಿ ಏನಂದಾರು!”