ಡ್ರೆಸ್ ಕೋಡ್ ಇದೆ, ಕುರ್ಚಿ ಇಲ್ಲ

ಹಬ್ಬದ ಪಾರ್ಟಿಗೆ ಗರ್ಭಿಣಿಯೊಬ್ಬಳನ್ನು ಕರೆದರೆ ಮೊದಲು ಬಾಗಿಲು ದಾಟುವುದು ಅವಳ ಹೊಟ್ಟೆ. ಅವಳು ಆಮೇಲೆ ಬರುತ್ತಾಳೆ. ಎಲ್ಲರೂ ಮಾತಾಡಿಸುವುದೂ ಹೊಟ್ಟೆಯನ್ನೇ. ಅವಳ ಕೆಲಸ, ಅವಳ ಊರು, ಹೋದ ವರ್ಷ ಇದೇ ಪಾರ್ಟಿಯಲ್ಲಿ ಅವಳು ಹೇಳಿದ ಜೋಕು, ಯಾವುದೂ ಯಾರಿಗೂ ನೆನಪಿರುವುದಿಲ್ಲ.

ಹೊಟ್ಟೆಯ ಉಡುಪನ್ನು ಪರಿಶೀಲಿಸಲು ಪ್ರತಿ ಪಾರ್ಟಿಯಲ್ಲೂ ಒಂದು ಸಮಿತಿ ಇರುತ್ತದೆ. ಇದನ್ನು ಯಾರೂ ನೇಮಿಸಿದ್ದಲ್ಲ, ಇದರ ಅವಧಿ ಮುಗಿಯುವುದೂ ಇಲ್ಲ. ಮೈಗಂಟಿದ ಡ್ರೆಸ್ ಹಾಕಿದರೆ, "ಇಷ್ಟೊಂದು ತೋರಿಸ್ಕೋಬೇಕಾ?" ಸಡಿಲ ಗೌನ್ ಹಾಕಿದರೆ, "ಯಾಕಮ್ಮಾ ಮುಚ್ಚಿಡ್ತೀಯ, ಖುಷಿ ವಿಷಯ ಅಲ್ವಾ?" ಕಪ್ಪು ಹಾಕಿದರೆ, "ಹಬ್ಬದ ದಿನ ಇದಾ?" ಮಿರಮಿರ ಮಿಂಚುವುದು ಹಾಕಿದರೆ, "ಈ ಹೊತ್ತಲ್ಲಿ ಇದೆಲ್ಲ ಬೇಕಿತ್ತಾ?" ಹಳೇದನ್ನೇ ಹಾಕಿದರೆ, "ಪಾಪ, ಅಲಂಕಾರ ಮಾಡ್ಕೊಳ್ಳೋದೇ ಬಿಟ್ಟಿದ್ದಾಳೆ." ಇದೆಲ್ಲ ಸಾಕಪ್ಪಾ ಅಂತ ಮನೆಯಲ್ಲೇ ಉಳಿದರೆ, "ಬಸುರಿ ಅಂದ್ರೆ ಏನು ಕಾಯಿಲೆನಾ?" ಸಮಿತಿಯ ತೀರ್ಪಿಗೆ ಮೇಲ್ಮನವಿ ಇಲ್ಲ.

ಸಮಿತಿಯಲ್ಲಿ ಒಬ್ಬರು ವಿಜ್ಞಾನಿಯೂ ಇರುತ್ತಾರೆ. "ಇಷ್ಟು ಬಿಗಿ ಹಾಕಿದ್ರೆ ಒಳಗೆ ಮಗುಗೆ ಉಸಿರು ಕಟ್ಟಲ್ವಾ?" ಎಂದು ಕಾಳಜಿಯಿಂದ ಕೇಳುತ್ತಾರೆ. ಒಳಗಿರುವ ಮಗು ನೀರಿನ ಚೀಲದಲ್ಲಿ ಆರಾಮಾಗಿ ತೇಲುತ್ತಿದೆ. ಅದಕ್ಕೆ ಬೇಕಾದ ಆಮ್ಲಜನಕ ತಾಯಿಯ ರಕ್ತದಿಂದ, ಹೊಕ್ಕುಳಬಳ್ಳಿಯ ದಾರಿಯಲ್ಲಿ ಬರುತ್ತದೆ. ಕೂಸಿನ ಮೂಗಿಗೂ ಗೌನಿನ ಬಟ್ಟೆಗೂ ಏನೂ ಸಂಬಂಧವಿಲ್ಲ. ಬಿಗಿ ಬಟ್ಟೆಯಿಂದ ನಿಜವಾಗಿ ಕಷ್ಟ ಪಡುವವಳು ತಾಯಿ. ಎದೆಯುರಿ ಜಾಸ್ತಿ ಆಗುತ್ತದೆ. ಆದರೆ ಎದೆ ಇರುವುದು ಹೊಟ್ಟೆಗಿಂತ ಮೇಲೆ. ಅದು ಸಮಿತಿಯ ವ್ಯಾಪ್ತಿಗೆ ಬರುವುದಿಲ್ಲ.

ಮೊದಲ ಮೂರು ತಿಂಗಳ ಅತಿಥಿಯ ಪಾಡು ಇನ್ನೂ ಚೆಂದ. 12ನೇ ವಾರದಲ್ಲಿ ಗರ್ಭಕೋಶ ಕಿಬ್ಬೊಟ್ಟೆಯ ಎಲುಬಿನ ಮೇಲೆ ತಲೆ ಹಾಕುತ್ತದೆ ಅಷ್ಟೇ. ಹೊರಗೆ ಕಾಣುವಂಥದ್ದು ಏನೂ ಇಲ್ಲ. ಆದರೂ ಹೊಟ್ಟೆಯುಬ್ಬರದಿಂದ ಜಿಪ್ ಮೇಲೇರುವುದಿಲ್ಲ. ವಿಷಯ ಇನ್ನೂ ಹೇಳಿಲ್ಲವಾದ್ದರಿಂದ ಅವಳು ದೊಡ್ಡ ಕೈಚೀಲವನ್ನು ಹೊಟ್ಟೆಗೆ ಅಡ್ಡ ಹಿಡಿದು, ವಾಕರಿಕೆ ನುಂಗಿಕೊಂಡು, ಸಂಜೆಯೆಲ್ಲ ನಗುತ್ತಾಳೆ. ಸಮಿತಿ ಅವಳನ್ನು ಒಮ್ಮೆ ನೋಡಿ ದಪ್ಪ ಆಗಿದ್ದಾಳೆ ಎಂದು ದಾಖಲಿಸಿಕೊಂಡು ಮುಂದೆ ಹೋಗುತ್ತದೆ.

ಹಿಂದೆ ಈ ಸಮಿತಿಯ ಕೈ ಇನ್ನೂ ಉದ್ದವಿತ್ತು. ಸುಮಾರು 120 ವರ್ಷಗಳ ಹಿಂದೆ ನ್ಯೂಯಾರ್ಕಿನಲ್ಲಿ ಲೇನಾ ಬ್ರಯಂಟ್ ಎಂಬ ಹೊಲಿಗೆಯಾಕೆ ಸೊಂಟಕ್ಕೆ ಎಲಾಸ್ಟಿಕ್ ಕೊಟ್ಟು ಗರ್ಭಿಣಿಯರ ಉಡುಪು ಹೊಲಿದರು. ಪತ್ರಿಕೆಗಳು ಅದರ ಜಾಹೀರಾತು ಹಾಕಲು ಒಪ್ಪಲಿಲ್ಲ. ಒಪ್ಪಿದ ಮೊದಲ ಪತ್ರಿಕೆ ಸಿಕ್ಕಿದ್ದು 1911ರಲ್ಲಿ. 1938ರಲ್ಲಿ ಡಲ್ಲಾಸ್‌ನ ಎಲ್ಸಿ ಫ್ರಾಂಕ್‌ಫರ್ಟ್ ತನ್ನ ಬಸುರಿ ಅಕ್ಕನ ಅವತಾರ ನೋಡಲಾರದೆ ಸ್ಕರ್ಟಿನ ಮುಂಭಾಗಕ್ಕೇ ಕತ್ತರಿ ಹಾಕಿ ಒಂದು ಕಿಟಕಿ ಮಾಡಿದರು. ಹೊಟ್ಟೆ ಕಿಟಕಿಯಲ್ಲಿ ಬೆಳೆಯುತ್ತದೆ, ಮೇಲಿನ ಉದ್ದ ಜಾಕೆಟ್ ಕಿಟಕಿಯನ್ನು ಮುಚ್ಚುತ್ತದೆ, ಸ್ಕರ್ಟಿನ ಅಂಚು ಮುಂದೆ ಮೇಲೇರದೆ ನೆಟ್ಟಗೆ ನಿಲ್ಲುತ್ತದೆ. ಬುದ್ಧಿವಂತ ಹೊಲಿಗೆ, ಸುಳ್ಳು ಹೇಳಬಾರದು. 1991ರಲ್ಲಿ ನಟಿ ಡೆಮಿ ಮೂರ್ ಬಟ್ಟೆಯಿಲ್ಲದೆ, ತುಂಬು ಹೊಟ್ಟೆಯಲ್ಲಿ 'ವ್ಯಾನಿಟಿ ಫೇರ್' ಮುಖಪುಟಕ್ಕೆ ಬಂದಾಗ ಕೆಲವು ಅಂಗಡಿಗಳು ಆ ಸಂಚಿಕೆಗೇ ಕಾಗದದ ಹೊದಿಕೆ ಹಾಕಿ ಮಾರಿದವು. ಹೊಟ್ಟೆಗೆ ಬಟ್ಟೆ ಸಿಗಲಿಲ್ಲ, ಪತ್ರಿಕೆಗೆ ಸಿಕ್ಕಿತು.

ಈಗ ಕಾಲ ಪೂರ್ತಿ ತಿರುಗಿದೆ. ಮುಚ್ಚು ಎನ್ನುತ್ತಿದ್ದ ಬಾಯಿಗಳೇ "ತೋರಿಸು, ಸಂಭ್ರಮಿಸು" ಎನ್ನುತ್ತಿವೆ. ಅಂಗಡಿಯವರು ಎದೆಯ ಕೆಳಗೆ, ಹೊಟ್ಟೆಯ ನೆತ್ತಿಯ ಮೇಲೆ ದೊಡ್ಡ ರಿಬ್ಬನ್ ಗಂಟು ಕಟ್ಟಿ ಕಳಿಸುತ್ತಾರೆ, ಉಡುಗೊರೆ ಪೊಟ್ಟಣಕ್ಕೆ ಕಟ್ಟಿದ ಹಾಗೆ. ಗರ್ಭಿಣಿಯರ ಪಾರ್ಟಿ ಡ್ರೆಸ್ಸಿಗೆ ಈ ಗಂಟು ಯಾರು ಕಡ್ಡಾಯ ಮಾಡಿದರೋ ಗೊತ್ತಿಲ್ಲ. 2023ರ ಫೆಬ್ರುವರಿಯಲ್ಲಿ ಗಾಯಕಿ ರಿಹಾನ್ನಾ ಅಮೆರಿಕದ ಫುಟ್‌ಬಾಲ್ ಫೈನಲ್ ಆದ ಸೂಪರ್ ಬೌಲ್ ಮೈದಾನದ ಮೇಲೆ, ತೂಗುವ ವೇದಿಕೆಯಲ್ಲಿ ನಿಂತು, ಅಂಗಿ-ಪ್ಯಾಂಟು ಒಂದಾಗಿ ಹೊಲಿದ ಕೆಂಪು ಜಂಪ್‌ಸೂಟಿನಲ್ಲಿ ಹಾಡಿದಳು. ಕೆಳಗಿದ್ದ ಜಗತ್ತು ಹಾಡು ಬಿಟ್ಟು ಹೊಟ್ಟೆ ಅಳೆಯಿತು. ಗರ್ಭಿಣಿಯರು ಮಾತ್ರ ಬೇರೆಯದನ್ನೇ ಯೋಚಿಸಿರುತ್ತಾರೆ: ಆ ಜಂಪ್‌ಸೂಟ್ ಹಾಕ್ಕೊಂಡು ಬಾತ್‌ರೂಮಿಗೆ ಹೇಗೆ ಹೋಗ್ತಾಳಪ್ಪಾ?

ಇದು ಸಣ್ಣ ಪ್ರಶ್ನೆಯಲ್ಲ. ಕೊನೆಯ ತಿಂಗಳುಗಳಲ್ಲಿ ಮಗುವಿನ ತಲೆ ಮೂತ್ರಕೋಶದ ಮೇಲೇ ಬಿಡಾರ ಹೂಡಿರುತ್ತದೆ. ಪಾರ್ಟಿಯ ಮಧ್ಯೆ ನಾಲ್ಕೈದು ಸಲವಾದರೂ ಓಡಬೇಕು. ಜಂಪ್‌ಸೂಟಿನ ಜಿಪ್ ಸಾಮಾನ್ಯವಾಗಿ ಇರುವುದು ಬೆನ್ನಲ್ಲಿ. ಜಿಪ್ ತುದಿಗೆ ಒಂದು ಹುಕ್ಕು, ಎರಡು ಸಾಸಿವೆ ಗಾತ್ರದ ಗುಂಡಿ. ಕೈ ಹಿಂದಕ್ಕೆ ಹೋಗುತ್ತದೆ, ಆದರೆ ತಲುಪುವುದಿಲ್ಲ. ಬಾಗಿಲಿನ ಆಚೆ ಸಾಲು ನಿಂತಿದೆ. ಹೇಗೋ ಬಿಚ್ಚಿದರೆ ಅದರ ತೋಳುಗಳು ಒದ್ದೆ ನೆಲಕ್ಕೆ ತಾಗದಂತೆ ಒಂದು ಕೈಯಲ್ಲಿ ಎತ್ತಿ ಹಿಡಿಯಬೇಕು, ಇನ್ನೊಂದು ಕೈ ಗೋಡೆಗೆ. ವಾಪಸ್ ಹಾಕಿಕೊಳ್ಳುವುದಕ್ಕೆ ಹೊರಗಿರುವ ಅಪರಿಚಿತಳ ಸಹಾಯ ಬೇಕು. ಆ ಪುಣ್ಯಾತ್ಗಿತ್ತಿ ಜಿಪ್ ಎಳೆಯುತ್ತಾ, "ಎಷ್ಟನೇ ತಿಂಗಳು?" ಎಂದು ಶುರು ಮಾಡುತ್ತಾಳೆ. ಸಮಿತಿಯ ಶಾಖೆ ಅಲ್ಲೂ ಇದೆ.

ಇನ್ನು ಚಮಕಿ. ಗರ್ಭಿಣಿಯ ಮೈಯಲ್ಲಿ ರಕ್ತದ ಪ್ರಮಾಣ ಮೊದಲಿಗಿಂತ ಹೆಚ್ಚುಕಡಿಮೆ ಅರ್ಧದಷ್ಟು ಜಾಸ್ತಿಯಾಗಿರುತ್ತದೆ. ಉಳಿದವರಿಗೆ ಚಳಿಯಾದರೆ ಇವಳಿಗೆ ಸೆಕೆ. ಅಂಥವಳಿಗೆ ಗಾಳಿಯಾಡದ ಪಾಲಿಯೆಸ್ಟರ್ ಲೈನಿಂಗ್, ಅದರ ಮೇಲೆ ಸಾವಿರ ಬಿಲ್ಲೆ. ಕಂಕುಳ ಹತ್ತಿರ ಒಂದು ಬಿಲ್ಲೆ ಸಂಜೆಯೆಲ್ಲ ಗೀಚುತ್ತಲೇ ಇರುತ್ತದೆ. ಆದರೆ ಚಮಕಿಯಿಂದ ಒಂದು ಉಪಕಾರವಿದೆ. ಹೇಳದೆ ಕೇಳದೆ ಹೊಟ್ಟೆ ಸವರುವವರ ಕೈಯನ್ನೂ ಅದು ಗೀಚುತ್ತದೆ. ಇದೊಂದು ಕಾರಣಕ್ಕೆ ನಾನು ಚಮಕಿಯ ಪರ.

ಚಪ್ಪಲಿಯ ವಿಷಯದಲ್ಲಿ ಸಮಿತಿಗೆ ದಯೆಯೇ ಇಲ್ಲ. ಸಂಜೆ ಹೊತ್ತಿಗೆ ಪಾದ ಊದುತ್ತದೆ. ಕೀಲುಗಳನ್ನು ಕಟ್ಟಿದ ಅಸ್ಥಿರಜ್ಜುಗಳು ಸಡಿಲವಾಗಿರುತ್ತವೆ. ದೇಹದ ಭಾರವೆಲ್ಲ ಮುಂದಕ್ಕೆ ವಾಲಿರುತ್ತದೆ. ಹೀಲ್ಸ್ ಮೇಲೆ ನಿಂತರೆ ಸೊಂಟ ಬೈಯುತ್ತದೆ, ಚಪ್ಪಟೆ ಚಪ್ಪಲಿಯಲ್ಲಿ ಬಂದರೆ ಸಮಿತಿ ಬೈಯುತ್ತದೆ. "ಗೌನಿಗೆ ಇದು ಮ್ಯಾಚೇ ಆಗಲ್ಲ ಕಣೇ!" ಬಕಲ್ ಹಾಕುವುದಕ್ಕೆ ಬಗ್ಗಲಾಗದವಳು ಮ್ಯಾಚಿಂಗ್ ಬಗ್ಗೆ ಉತ್ತರ ಕೊಡಬೇಕು.

ಪಕ್ಕದಲ್ಲಿ ಗಂಡ ನಿಂತಿದ್ದಾನೆ. ಹೋದ ವರ್ಷದ ಕೋಟು, ಅದರ ಹಿಂದಿನ ವರ್ಷದ ಹಳೇ ಶೂ. ಅವನ ಹೊಟ್ಟೆಯೂ ಬೆಳೆದಿದೆ, ಅಂಗಿಯ ಗುಂಡಿ ಬಿರಿಯುವ ಹಂತದಲ್ಲಿದೆ. ಒಂಬತ್ತು ತಿಂಗಳ ಗಡುವೂ ಅದಕ್ಕಿಲ್ಲ. ಯಾರೂ ಸವರುವುದಿಲ್ಲ, ಎಷ್ಟನೇ ವಾರ ಎಂದು ಕೇಳುವುದಿಲ್ಲ.

ಇಷ್ಟೆಲ್ಲ ನಿಯಮ ಬರೆದ ಜಗತ್ತು ಒಂದೇ ಒಂದು ಕುರ್ಚಿ ಹಾಕಲು ಮರೆತಿರುತ್ತದೆ. ಈಗಿನ ಪಾರ್ಟಿಗಳೆಲ್ಲ ನಿಂತೇ ನಡೆಯುತ್ತವಲ್ಲ! ಎತ್ತರದ ಗುಂಡು ಮೇಜುಗಳಿವೆ, ದೀಪದ ಮಾಲೆಗಳಿವೆ, ಫೋಟೊಗೆಂದೇ ಒಂದು ಗೋಡೆಯಿದೆ. "ಸ್ವಲ್ಪ ಪಕ್ಕಕ್ಕೆ ತಿರುಗು, ಒಂದು ಕೈ ಹೊಟ್ಟೆ ಮೇಲೆ ಇಡು, ಕೆಳಗೆ ನೋಡಿ ನಗು," ಎಂದು ಹತ್ತು ನಿಮಿಷ ನಿಲ್ಲಿಸುತ್ತಾರೆ. ಕೊನೆಗೆ ಯಾರೋ ಕರುಣಾಮಯಿ ಮೂಲೆಯ ಸೋಫಾ ತೋರಿಸುತ್ತಾರೆ. ನೆಲಕ್ಕೆ ಅಂಟಿದಂಥ ಮೆತ್ತನೆಯ ಸೋಫಾ. ಕೂರುವುದು ಸುಲಭ. ಏಳುವುದಕ್ಕೆ ಇಬ್ಬರು ಕೈ ಹಿಡಿದೆಳೆಯಬೇಕು, ಮೂರನೆಯವರು ವಿಡಿಯೋ ಮಾಡಬೇಕು.

ಹೆರಿಗೆಯಾದ ಮೇಲೆ ಗರ್ಭಕೋಶ ಮೊದಲಿನ ಗಾತ್ರಕ್ಕೆ ಬರಲು ಸುಮಾರು 6 ವಾರ ಬೇಕು. ಹೊಟ್ಟೆ ಇಳಿಯಲು ಇನ್ನೂ ಜಾಸ್ತಿ ದಿನ ಹಿಡಿಯಬಹುದು. ಅಷ್ಟು ಹೊತ್ತಿಗೆ ಇನ್ನೊಂದು ಪಾರ್ಟಿ ಬಂದಿರುತ್ತದೆ. ಬೇರೆ ಯಾವುದೂ ಮೈಗಾಗದೆ ಅವಳು ಅದೇ ಗೌನ್ ಹಾಕಿಕೊಂಡು, ಎಳೇ ಕೂಸನ್ನು ಎದೆಗವಚಿಕೊಂಡು ಬರುತ್ತಾಳೆ. ಸಮಿತಿ ಅವಳನ್ನು ಮೇಲಿಂದ ಕೆಳಗೆ ನೋಡಿ, ಹೊಟ್ಟೆಯ ಹತ್ತಿರ ಸ್ವಲ್ಪ ನಿಂತು ಕೇಳುತ್ತದೆ:

"ಏನೇ, ಮತ್ತೆ ವಿಶೇಷನಾ?"