ಡಿ ಡ್ರೈವ್ ಮುಟ್ಟಬೇಡಿ ಅಂತ ಎರಡು ಸಲ ಹೇಳಿದ್ದೆ

ಬಾಯಲ್ಲಿ ಒಂದು ಸಲ ಹೇಳಿದ್ದೆ. ಸಾಲದು ಅಂತ ಒಂದು ಹಾಳೆಯಲ್ಲಿ ‘ಡಿ ಡ್ರೈವ್ ಮುಟ್ಟಬೇಡಿ’ ಅಂತ ದಪ್ಪಕ್ಷರದಲ್ಲಿ ಬರೆದು ಸಿಪಿಯು ಮೇಲೆ ಟೇಪ್ ಹಾಕಿ ಅಂಟಿಸಿದ್ದೆ. ಕಂಪ್ಯೂಟರ್ ವಾಪಸ್ ಬಂದಾಗಲೂ ಆ ಚೀಟಿ ಹಾಗೇ ಇತ್ತು. ಒಳಗಿದ್ದದ್ದು ಮಾತ್ರ ಇರಲಿಲ್ಲ.

ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಸಪೋರ್ಟ್ ಮುಗಿಯುತ್ತೆ ಅಂತ ಪರದೆ ಮೇಲೆ ಬರುತ್ತಲೇ ಇತ್ತು. ಸರಿ, 11 ಹಾಕಿಸಿಬಿಡೋಣ ಅಂತ ತುಮಕೂರಿನ ಬಿ.ಎಚ್. ರೋಡಿನ ಒಂದು ಅಂಗಡಿಗೆ ಆಟೋದಲ್ಲಿ ತಗೊಂಡು ಹೋದೆ. ಒಂದೇ ಹಾರ್ಡ್ ಡಿಸ್ಕ್, 1 ಟಿಬಿ. ಸಿ ಡ್ರೈವಿನಲ್ಲಿ ವಿಂಡೋಸ್, ಡಿ ಡ್ರೈವಿನಲ್ಲಿ ಅಪ್ಪ.

ಹೌದು, ಅಪ್ಪ ಅಂತಲೇ ಹೇಳ್ತೀನಿ. ಅಪ್ಪ ಡ್ರಾಮಾ ಮೇಷ್ಟ್ರು. ನಮ್ಮ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸುಗ್ಗಿ ಮುಗಿದ ಮೇಲೆ ಊರೂರಲ್ಲೂ ಪೌರಾಣಿಕ ನಾಟಕ. ರಾಗಿ ಹೊಲದಲ್ಲಿ, ಅಡಿಕೆ ತೋಟದಲ್ಲಿ ದುಡಿಯೋರೇ ದುರ್ಯೋಧನ, ಶಕುನಿ, ಕೃಷ್ಣ. ಅವರಿಗೆ ತಿಂಗಳುಗಟ್ಟಲೆ ರಾತ್ರಿ ತಾಲೀಮು ಕೊಟ್ಟು, ಕಂದ, ವೃತ್ತ ಎಲ್ಲ ಬಾಯಿಪಾಠ ಮಾಡಿಸಿ, ನಾಟಕದ ದಿನ ಬೆಳಗಾಗೋವರೆಗೂ ಹಾರ್ಮೋನಿಯಂ ಮುಂದೆ ಕೂರೋರು ಮೇಷ್ಟ್ರು. ಅಪ್ಪ 30 ವರ್ಷ ಅದನ್ನೇ ಮಾಡಿದರು. 2021ರಲ್ಲಿ ಹೋದರು.

ಅವರ ತಾಲೀಮಿನ ಕ್ಯಾಸೆಟ್‌ಗಳಿಗೆ ಬೂಷ್ಟು ಹಿಡಿದಿತ್ತು. ನಾನೇ ಕೂತು ಒಂದೊಂದನ್ನೇ ಟೇಪ್ ರೆಕಾರ್ಡರ್‌ನಿಂದ ವೈರ್ ಎಳೆದು ಕಂಪ್ಯೂಟರ್‌ಗೆ ಹಾಕಿದೆ. ಗಂಟೆಗೆ 600 ಎಂಬಿ ಮೀರುವ ವೇವ್ ಫೈಲುಗಳು. ಆಮೇಲೆ ಊರೂರಿಗೆ ಅಪ್ಪನ ಜೊತೆ ಹೋಗಿ ತೆಗೆದ ವಿಡಿಯೋಗಳು. ಗುಬ್ಬಿ, ಕುಣಿಗಲ್, ತುರುವೇಕೆರೆ ಅಂತ ತಾಲೂಕಿಗೊಂದು ಫೋಲ್ಡರ್. ಅದರೊಳಗೆ ಊರು, ಅದರೊಳಗೆ ವರ್ಷ, ಯಾರು ಯಾವ ಪಾರ್ಟು ಅನ್ನೋದೂ ಸೇರಿ. ಕ್ಯಾಸೆಟ್‌ಗಳು ಪೂರ್ತಿ ಹಾಳಾದವು ಅಂತ ಮನೆ ಬದಲಾಯಿಸುವಾಗ ಬಿಸಾಕಿದೆವು.

ಅಂಗಡಿಯಿಂದ ಮಾರನೇ ದಿನ ಫೋನ್ ಬಂತು. “ಓಎಸ್ ಹಾಕಾಯ್ತು ಅಕ್ಕ, ಬಂದು ತಗೊಂಡೋಗಿ.” ಅಷ್ಟೇ. ಬೇರೆ ಒಂದು ಮಾತಿಲ್ಲ. 500 ರೂಪಾಯಿ ಕೊಟ್ಟು ತಂದೆ. ಮನೆಯಲ್ಲಿ ಡಿ ಡ್ರೈವ್ ತೆಗೆದರೆ ‘ಸಾಫ್ಟ್‌ವೇರ್’ ಅನ್ನೋ ಒಂದೇ ಒಂದು ಫೋಲ್ಡರ್. ಅದರಲ್ಲಿ ಅಂಗಡಿಯವರು ಎಲ್ಲರ ಕಂಪ್ಯೂಟರ್‌ಗೂ ತುಂಬುವ ಡ್ರೈವರ್ ಪ್ಯಾಕು, ಆಫೀಸು, ಅದೂ ಇದೂ. ನನಗೆ ಕೈಕಾಲು ಆಡಲಿಲ್ಲ. ಎಲ್ಲೋ ಅಡಗಿರಬೇಕು ಅಂತ ಎರಡು ದಿನ ಆನ್ ಮಾಡಿ ಆಫ್ ಮಾಡಿ ಹುಡುಕಿದೆ. ಅಷ್ಟೊತ್ತೂ ವಿಂಡೋಸ್ ತನ್ನ ಪಾಡಿಗೆ ಅಪ್‌ಡೇಟ್ ಇಳಿಸಿಕೊಳ್ಳುತ್ತಾ ಕೂತಿತ್ತು.

ಅಂಗಡಿಗೆ ಓಡಿದೆ. ಮಾಲೀಕ ಹೇಳಿದ್ದು, “ನಿಮ್ಮ ಡಿಸ್ಕೇ ವೀಕ್ ಆಗಿತ್ತು ಮೇಡಂ.” ಸುಳ್ಳು. ನಾನು ಬಿಡಲಿಲ್ಲ. ಕೊನೆಗೆ ಕೆಲಸದ ಹುಡುಗ ತಲೆ ತಗ್ಗಿಸಿಕೊಂಡು ನಿಜ ಹೇಳಿದ. “ಹಳೇದು ಎಂಬಿಆರ್ ಇತ್ತಕ್ಕ, 11 ತಗೊಳ್ಳಲಿಲ್ಲ. ಜಿಪಿಟಿ ಮಾಡ್ಬೇಕಿತ್ತು. ಅದಕ್ಕೆ ಎಲ್ಲಾ ಪಾರ್ಟಿಷನ್ ಡಿಲೀಟ್ ಹೊಡೆದು ಹೊಸದಾಗಿ ಮಾಡ್ದೆ.” ಎಂಬಿಆರ್, ಜಿಪಿಟಿ ಅಂದರೆ ಡಿಸ್ಕಿನ ಪಾರ್ಟಿಷನ್ನುಗಳ, ಅಂದರೆ ಸಿ, ಡಿ ಥರದ ಭಾಗಗಳ, ಲೆಕ್ಕ ಇಡುವ ಹಳೇ ಮತ್ತು ಹೊಸ ವಿಧಾನ.

ಎಂಬಿಆರ್‌ನಿಂದ ಜಿಪಿಟಿಗೆ ಬದಲಾಯಿಸೋಕೆ ವಿಂಡೋಸ್‌ನಲ್ಲೇ 2017ರಿಂದ ಒಂದು ಸಾಧನ ಇದೆ. ಪಾರ್ಟಿಷನ್‌ಗಳು ಅದಕ್ಕೆ ಹೊಂದುವಂತಿದ್ದರೆ ಒಂದು ಫೈಲೂ ಅಳಿಸದೆ ಬದಲಾಯಿಸುತ್ತೆ. ಹೊಂದದಿದ್ದರೆ ನನಗೊಂದು ಫೋನ್ ಮಾಡಬಹುದಿತ್ತಲ್ವಾ? ‘ಆಗಲ್ಲ ಅಕ್ಕ, ಡಿ ಖಾಲಿ ಮಾಡಬೇಕು, ಏನು ಮಾಡಲಿ’ ಅಂತ ಕೇಳೋಕೆ ಒಂದು ನಿಮಿಷ ಸಾಕಿತ್ತು. ಅವನು ಚೀಟಿ ಓದಿದ್ದ. ಓದಿಯೂ ಹೊಡೆದ. ಹೊಡೆದಿದ್ದು ಗೊತ್ತಿದ್ದೂ ಹೇಳಲಿಲ್ಲ. ಹುಡುಗನಿಗಿಂತ ಮಾಲೀಕನ ಮೇಲೆ ನನಗೆ ಕೋಪ ಜಾಸ್ತಿ. ಅವನಿಗೂ ಗೊತ್ತಿತ್ತು.

ಆಮೇಲೆ ಮಾಡಿದ್ದಂತೂ ಇನ್ನೂ ಅನ್ಯಾಯ. “ಟೆನ್ಶನ್ ತಗೋಬೇಡಿ, ರಿಕವರಿ ಮಾಡ್ಕೊಡ್ತೀವಿ” ಅಂದರು. ನಂಬಿ ಬಿಟ್ಟು ಬಂದೆ. ರಿಕವರಿ ಸಾಫ್ಟ್‌ವೇರನ್ನು ಅದೇ ಡಿಸ್ಕಿಗೆ ಹಾಕಿದರು. ರಾತ್ರಿಯಿಡೀ ಓಡಿಸಿದರು. ಸಿಕ್ಕಿದ್ದನ್ನೆಲ್ಲ, ಸುಮಾರು 140 ಜಿಬಿ, ಅದೇ ಡಿ ಡ್ರೈವಿಗೆ ಸೇವ್ ಮಾಡಿದರು! ಅರ್ಧಕ್ಕರ್ಧ ಫೈಲು ತೆರೆಯಲೇ ಇಲ್ಲ.

ನಾನು ಡಿಸ್ಕ್ ಬಿಚ್ಚಿಸಿಕೊಂಡು ರೈಲು ಹತ್ತಿ ಬೆಂಗಳೂರಿಗೆ ಹೋದೆ. ಅಲ್ಲಿನ ರಿಕವರಿಯವರು ಮೊದಲು ಕೇಳಿದ್ದೇ, “ಫಾರ್ಮ್ಯಾಟ್ ಆದ್ಮೇಲೆ ಇದರ ಮೇಲೆ ಏನಾದ್ರೂ ಬರೆದಿದೀರಾ?” ಎಲ್ಲ ಹೇಳಿದೆ. ಆತ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅವರು ತಿಳಿಸಿ ಹೇಳಿದ್ದನ್ನು ನಾನು ನಮ್ಮ ಕಡೆ ಮಾತಲ್ಲಿ ಹೇಳ್ತೀನಿ. ಕ್ವಿಕ್ ಫಾರ್ಮ್ಯಾಟ್ ಅಂದರೆ ಪಹಣಿ ಹರಿದಂತೆ. ಪಹಣಿ ಹರಿದರೆ ಹೊಲ ಎಲ್ಲೂ ಹೋಗಲ್ಲ. ಬೆಳೆಯೂ ನಿಂತೇ ಇರುತ್ತೆ. ಆದರೆ ದಾಖಲೆಯಲ್ಲಿ ಖಾಲಿ ಜಾಗ ಅಂತ ಇರೋದರಿಂದ ಯಾರು ಬೇಕಾದರೂ ಬಂದು ಉಳಬಹುದು. ಉತ್ತ ಮೇಲೆ ಬೆಳೆ ಇಲ್ಲ. ಡ್ರೈವರ್ ಪ್ಯಾಕು ಉತ್ತಿತು. ಅಪ್‌ಡೇಟ್ ಉತ್ತಿತು. ಕೊನೆಗೆ ಆ 140 ಜಿಬಿ ಬಂದು ಉಳಿದಿದ್ದನ್ನೂ ಉತ್ತುಬಿಟ್ಟಿತು.

ನನ್ನದು ತಿರುಗೋ ಹಾರ್ಡ್ ಡಿಸ್ಕ್, ಚಿಪ್ಪಿನಲ್ಲಿ ಫೈಲಿಡುವ ಎಸ್‌ಎಸ್‌ಡಿ ಅಲ್ಲ. ಎಸ್‌ಎಸ್‌ಡಿ ಆಗಿದ್ದರೆ ಫಾರ್ಮ್ಯಾಟ್ ಆದ ತಕ್ಷಣ ‘ಈ ಜಾಗ ಖಾಲಿ, ಅಳಿಸಬಹುದು’ ಅನ್ನೋ ಟ್ರಿಮ್ ಆದೇಶ ಹೋಗುತ್ತೆ, ಆಮೇಲೆ ಸಿಗೋದು ಬಹಳ ಕಷ್ಟ. ಫುಲ್ ಫಾರ್ಮ್ಯಾಟ್ ಆಗಿದ್ದರೂ ಅಷ್ಟೇ. ವಿಂಡೋಸ್ ವಿಸ್ಟಾದಿಂದ ಈಚೆಗೆ ಅದು ಡ್ರೈವಿನ ತುಂಬಾ ಸೊನ್ನೆ ಬರೆಯುತ್ತೆ. ನನಗೆ ಅವೆರಡೂ ಆಗಿರಲಿಲ್ಲ. ಅಂದರೆ ಆ ಹುಡುಗ ಫಾರ್ಮ್ಯಾಟ್ ಹೊಡೆದ ಗಳಿಗೆಯಲ್ಲಿ ಅಪ್ಪನ ದನಿ ಹೆಚ್ಚುಕಡಿಮೆ ಪೂರ್ತಿ ಅಲ್ಲೇ ಇತ್ತು. ಅವತ್ತೇ ಕರೆಂಟ್ ತೆಗೆದು, ಡಿಸ್ಕ್ ಬಿಚ್ಚಿಟ್ಟು, ‘ತಪ್ಪಾಯ್ತಕ್ಕ’ ಅಂದಿದ್ದರೆ ಬಹುಪಾಲು ಬರುತ್ತಿತ್ತು. ಇದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತೆ.

ಬೆಂಗಳೂರಿನವರು ಮೊದಲು ಮಾಡಿದ್ದು ಇಡೀ ಡಿಸ್ಕಿನ ನಕಲು. ಇನ್ನೊಂದು ಡಿಸ್ಕಿಗೆ, ಒಂದು ಚೂರೂ ಬಿಡದೆ. ಹುಡುಕಾಟವೆಲ್ಲ ಆ ನಕಲಿನ ಮೇಲೆ. ನನ್ನ ಡಿಸ್ಕನ್ನು ಮತ್ತೆ ಮುಟ್ಟಲಿಲ್ಲ. ನಮ್ಮ ಊರಿನ ಅಂಗಡಿಯಲ್ಲೂ ಇದನ್ನು ಮಾಡಬಹುದಿತ್ತು. ಬೇಕಾದ್ದು ಇನ್ನೊಂದು ಡಿಸ್ಕು, ಒಂದಿಷ್ಟು ತಾಳ್ಮೆ. ಅಳಿಸಿದ ಫೈಲು ಹುಡುಕುವ ಫೋಟೋರೆಕ್ ಥರದ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತೆ.

ಫೋಟೋಗಳು ಬಹಳಷ್ಟು ಬಂದವು. ಜೆಪಿಇಜಿ ಫೈಲು ‘ಎಫ್‌ಎಫ್ ಡಿ8’ ಅನ್ನೋ ಗುರುತಿನಿಂದಲೇ ಶುರುವಾಗುತ್ತಂತೆ. ಯಾವ ಫೈಲು ಎಲ್ಲಿದೆ ಅನ್ನೋ ಪಟ್ಟಿ ಇಲ್ಲದಿದ್ದರೂ ಆ ಗುರುತು ಹಿಡಿದು ಹೆಕ್ಕಿ ತೆಗೆಯಬಹುದು. ಆದರೆ ಹೆಸರಿಲ್ಲ, ಫೋಲ್ಡರ್ ಇಲ್ಲ. ಸಾವಿರಾರು ಫೋಟೋ, ಎಲ್ಲಕ್ಕೂ ಬರೀ ನಂಬರು. ವಿಡಿಯೋಗಳು ಡಿಸ್ಕಿನಲ್ಲಿ ಚೂರು ಚೂರಾಗಿ ಕೂತಿದ್ದರಿಂದ 20 ಸೆಕೆಂಡ್ ಓಡಿ ನಿಲ್ಲುತ್ತವೆ. ಆಡಿಯೋ ಫೈಲುಗಳಲ್ಲಿ ತಲೆಭಾಗ ಅಳಿಸಿಹೋದವು ಸಿಗಲೇ ಇಲ್ಲ.

“ಬ್ಯಾಕಪ್ ಇಟ್ಕೋಬೇಕಿತ್ತು ಕಣೇ” ಅಂತ ಎಲ್ಲರೂ ಹೇಳ್ತಾರೆ. ಹೌದು, ಇಡಬೇಕಿತ್ತು. ಆದರೆ ಬೀಗ ಸರಿ ಹಾಕಲಿಲ್ಲ ಅಂತ ಬೈಯೋರು ಒಳಗೆ ನುಗ್ಗಿದವನನ್ನೂ ಒಂದು ಮಾತು ಕೇಳಬೇಕಲ್ವಾ? ಮಾಲೀಕ ಕೊನೆಗೆ 500 ರೂಪಾಯಿ ವಾಪಸ್ ಕೊಡೋಕೆ ಬಂದ. “ಹಳೇ ರೆಕಾರ್ಡಿಂಗ್ ತಾನೇ ಮೇಡಂ” ಅಂದ. ದುಡ್ಡು ಅಲ್ಲೇ ಟೇಬಲ್ ಮೇಲಿಟ್ಟು ಬಂದೆ.

ಸಿಕ್ಕಿದ್ದರಲ್ಲಿ ಒಂದು ಫೈಲಿದೆ. 4 ನಿಮಿಷ 12 ಸೆಕೆಂಡ್. ಯಾರೋ ಕಂದ ಹಾಡ್ತಿದ್ದಾರೆ. ನಡುವೆ ಅಪ್ಪ ಹಾರ್ಮೋನಿಯಂ ನಿಲ್ಲಿಸಿ, “ಶ್ರುತಿ ಬಿಟ್ಟೆ ಕಣಪ್ಪ, ಮೊದಲಿಂದ ಹಿಡಿ” ಅಂತಾರೆ. ಆತ ಮತ್ತೆ ಹಿಡಿಯುತ್ತಾನೆ. ಎರಡನೇ ಮಾತಿಗೆ ಕರ್ರ್ ಅಂತ ಸದ್ದು ಬಂದು ಮುಗಿಯುತ್ತೆ. ಯಾವ ಊರೋ, ಯಾವ ವರ್ಷವೋ, ಹಾಡಿದವರು ಯಾರೋ, ಒಂದೂ ಗೊತ್ತಾಗಲ್ಲ.

ಈಗ ಅಪ್ಪನ ಹತ್ತಿರ ಕಲಿತವರ ಊರುಗಳಿಗೆ ಹೋಗಿ, ನಿಮ್ಮ ಮೊಬೈಲಿನಲ್ಲಿ ಏನಾದರೂ ಉಳಿದಿದೆಯಾ ಅಂತ ಕೇಳ್ತಿದ್ದೀನಿ. ಹೋದ ಭಾನುವಾರ ಗುಬ್ಬಿ ಕಡೆ ಶಕುನಿ ಪಾರ್ಟು ಮಾಡುತ್ತಿದ್ದ ಹಿರಿಯರೊಬ್ಬರು ಸಿಕ್ಕರು. ಕೂರಿಸಿ ಕಾಫಿ ಕೊಟ್ಟರು. “ಮೇಷ್ಟ್ರದ್ದು ಒಂದು ಇಡೀ ರಾತ್ರಿದು ಇತ್ತು ಕಣಮ್ಮ. ಫೋನ್ ನಿಧಾನ ಆಯ್ತು ಅಂತ ಅಂಗಡಿಗೆ ಕೊಟ್ಟಿದ್ದೆ. ಅವನು ಎಲ್ಲಾ ರೀಸೆಟ್ ಮಾಡಿ ಕೊಟ್ಟ. ಕೇಳಲೇ ಇಲ್ಲ” ಅಂದರು.